ಕೆಮ್ಮು ಕಲಿತ ಕಣಗಿಲೆ

ಬೆಳಗಾಗುತ್ತಲೇ ಕಸ್ತೂರೆವ್ವ ಅಂಗಳದ ಕಣಗಿಲೆಯ ಮೊಗ್ಗುಗಳನ್ನೆಲ್ಲ ಚಿವುಟಿ ಉಡಿಗೆ ಹಾಕಿಕೊಂಡಳು. ಅರಳಿತೆಂದರೆ ಹೂ ಬಾಯಿ ಬಿಡುತ್ತದೆ, ಮನೆಯೊಳಗೆ ಕೇಳಿದ್ದನ್ನು ಹಾಗೇ ಆಡುತ್ತದೆ. ನೀರಿಲ್ಲದೆಯೂ ಬದುಕುವ ಗಿಡವೆಂದು ಮನೆಗೊಂದರಂತೆ ನೆಡಿಸಿದ ಸರಕಾರದವರು ಪ್ರತಿ ಸೋಮವಾರ ಹೂವಿಗೆ ಕಿವಿಗೊಡಲು ಬರುತ್ತಾರೆ. ಹೂ ಕೆಮ್ಮಿದರೆ ಆ ಮನೆಯ ರೋಗಿಯನ್ನು ಗಾಡಿಗೆ ಹತ್ತಿಸುತ್ತಾರೆ. ಗಿಡವೇ ಇಲ್ಲದಿದ್ದರೆ ಮನೆಮಂದಿಯನ್ನೆಲ್ಲ ಒಯ್ಯುತ್ತಾರೆ. ಹೋದವರು ಯಾರೂ ತಿರುಗಿ ಬಂದಿಲ್ಲ. ಒಳಗೆ ಮಗಳು ಸುಮಿತ್ರಾ ಮೂರು ದಿನದಿಂದ ಬಾಯಿಗೆ ಸೆರಗು ತುರುಕಿಕೊಂಡು ಮಲಗಿದ್ದಳು.

"ಕಸ್ತೂರಕ್ಕಾ, ನೆಡಾಕ ಒಂದು ಕಣಗಿಲಿ ಕಡ್ಡಿ ಕೊಡ್ರಿ," ಎನ್ನುತ್ತ ಪಕ್ಕದ ಮನೆಯ ರಾಚವ್ವ ಬಂದಳು. "ನಮ್ಮ ಗಿಡ ಒಣಗೇತಿ."

"ಕಣಗಿಲಿ ಎಲ್ಲೆರ ಒಣಗತೈತೇನ? ಕಲ್ಲಾಗ ಇಟ್ರೂ ಚಿಗರತೈತಿ!" ಕಸ್ತೂರೆವ್ವ ನಗುತ್ತಲೇ ಮೊಗ್ಗು ತುಂಬಿದ ಉಡಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಕಡ್ಡಿ ನೆಟ್ಟರೂ ಅದು ತಾಯಿಗಿಡ ಕೇಳಿದ್ದನ್ನೇ ಆಡುತ್ತದೆ. "ಈಗ ಬ್ಯಾಡವ್ವಾ, ಮಳಿಗಾಲ ಬರ್ಲಿ."

"ಇವತ್ತ ಬೇಕ್ರೀ ಅಕ್ಕಾ. ನಾಳೆ ಸೋಮವಾರ."

ಅಷ್ಟರಲ್ಲಿ ಎಲೆಗಳ ಮರೆಯಲ್ಲಿ ಉಳಿದುಹೋಗಿದ್ದ ಮೊಗ್ಗೊಂದು ಬಿರಿದು, ಥೇಟು ಸುಮಿತ್ರಾಳ ಹಾಗೆ ಖೊಕ್ ಖೊಕ್ ಎಂದು ಕೆಮ್ಮಿತು.

ಕಸ್ತೂರೆವ್ವ ಗಿಡವನ್ನು ಮರೆಮಾಡಿ ನಿಂತಳು. ರಾಚವ್ವ ಕೂಗಲಿಲ್ಲ, ಓಡಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕುಸಿದಳು.

"ನಮ್ಮ ಗಿಡಾನೂ ನಮ್ಮ ಮನಿಯವರ ಕೆಮ್ಮು ಕಲ್ತಿತ್ರೀ. ಅದಕ್ಕ ಕಿತ್ತು ಹಳ್ಳಕ್ಕ ಒಗದೆ. ಈ ಓಣ್ಯಾಗ ನಿಮ್ಮ ಗಿಡ ಒಂದರ ಕೆಮ್ಮು ಕಲ್ತಿಲ್ಲ ಅಂತ ನಂಬಿ ಬಂದಿದ್ದೆ. ಇನ್ನ ಯಾರ ಮನಿಗೆ ಹೋಗ್ಲಿ, ಅಕ್ಕಾ?"