ನಿಂಬೆವ್ವನ ಕಲ್ಲು

ಉಂಗುಟ ಹೊಲಿಸಿದ ಚಪ್ಪಲಿ ಇಸಿದುಕೊಳ್ಳಲು ಚಾಚಿದ ಬುರಾನುದ್ದೀನ ಮಾಸ್ತರರ ಕೈ ಹಾಗೇ ನಿಂತುಬಿಟ್ಟಿತು. ಶಾಲೆಯ ಎದುರಿನ ಬೇವಿನ ಬುಡದಲ್ಲಿ ಕೂತು ಸಮಗಾರರ ನಿಂಬೆವ್ವ ತೊಗಲು ಬಡಿಯುತ್ತಿದ್ದ ಕಲ್ಲು, ಈಗಷ್ಟೇ ಅವರು ಒಳಗೆ ಕರಿಹಲಗೆಯ ಮೇಲೆ ಬರೆದು ಬಂದ ಚಿತ್ರವೇ ಆಗಿತ್ತು. ಅಂಗೈಯಷ್ಟು ಉದ್ದ, ಕಪ್ಪು ಹಸಿರು. ಹಿಂದೆ ಚೂಪು, ಮುಂದೆ ಕೊಡಲಿಯ ಬಾಯಿಯ ಹಾಗೆ ಅಗಲ. ಕಲಬುರ್ಗಿಯಿಂದ ತರಿಸಿದ ಉರ್ದು ಪುಸ್ತಕದಲ್ಲಿ ಅಂಥದೇ ಕಲ್ಲಿನ ಕೆಳಗೆ ಬರೆದಿತ್ತು: ಕಬ್ಬಿಣ ಕಾಣದ ಕಾಲದ ಮನುಷ್ಯ ಮಾಡಿಕೊಂಡ ಕೊಡಲಿ.

“ನಿಂಬೆವ್ವಾ, ಈ ಕಲ್ಲು ಎಲ್ಲೀದು?”

“ನಮ್ಮತ್ತೀದ್ರಿ. ಆಕಿಗಿ ಆಕಿ ಅತ್ತಿ ಕೊಟ್ಟಿದ್ಳಂತ. ಯಾಕ್ರಿ ಸಾಹೇಬ್ರ, ಕಲ್ಲು ಕಂಡಿಲ್ಲೇನು? ಜೇವರ್ಗಿ ದಾರಿ ತುಂಬಾ ಬಿದ್ದಾವಲ್ಲ. ನಿಮ್ಮ ಚಪ್ಪಲಿ ತಿಂದದ್ದೂ ಅವೇ.”

“ಆಕಿ ಅತ್ತಿಗಿ ಯಾರು ಕೊಟ್ರು?”

“ಅದನ್ನ ಕೇಳಾಕ ಮಣ್ಣಾಗ ಇಳೀಬೇಕಾಗ್ತದ್ರಿ!”

ಮಾಸ್ತರರು ನೆಲದ ಮೇಲೆ ಕೂತೇಬಿಟ್ಟರು. ಕಲ್ಲು ಕೈಗೆ ತೆಗೆದುಕೊಂಡರೆ ಅವರ ಹೆಬ್ಬೆರಳು ತಾನಾಗಿ ಹೋಗಿ ಒಂದು ನುಣ್ಣನೆಯ ಕುಳಿಯಲ್ಲಿ ಕೂತಿತು. “ಅದು ನಮ್ಮ ಹೆಬ್ಬೆಟ್ಟಿನ ಕುಳಿ ರೀ. ಅತ್ತಿ, ಆಕಿ ಅತ್ತಿ, ಎಲ್ಲಾರೂ ಒತ್ತಿ ಒತ್ತಿ ಬಿದ್ದದ್ದು” ಎಂದಳು ನಿಂಬೆವ್ವ. ಮಾಸ್ತರರಿಗೆ ಎಷ್ಟೋ ಸಾವಿರ ವರ್ಷದ ಆಚೆಯಿಂದ ಯಾರೋ ಹೆಸರಿಲ್ಲದವರು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ದಾಟಿಸುತ್ತ ದಾಟಿಸುತ್ತ ತಮ್ಮ ಕೈ ಹಿಡಿದುಕೊಂಡ ಹಾಗಾಯಿತು.

“ಎಲ್ಲಾರೂ ಹೊರಗ ಬರ್ರಿ!” ಎಂದು ಶಾಲೆಯ ಕಡೆ ಕೂಗಿದರು.

“ಬ್ಯಾಡ್ರಿ ಸಾಹೇಬ್ರ. ತೊಗಲಿನ ಕಲ್ಲದು. ಹುಡುಗ್ರಿಗಿ ಮನ್ಯಾಗ ಬೈತಾರ.”

ಮಾಸ್ತರರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹದಿನೇಳು ಮಕ್ಕಳು ನಿಂಬೆವ್ವನ ಸುತ್ತ ಕೂತರು. ನೈಲ್, ಫುರಾತ್, ಸಿಂಧು ಎಂದು ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ ನದಿಗಳೆಲ್ಲ ಅವರಿಗೆ ಈವರೆಗೆ ಬರೀ ನೀಲಿ ಗೆರೆ. ಈಗ ಭೀಮೆಯ ದಂಡೆಯದೊಂದು ಕಲ್ಲು ಕೈಯಿಂದ ಕೈಗೆ ದಾಟುತ್ತಿದ್ದರೆ ಗದ್ದಲದ ಹುಡುಗರೂ ತಮ್ಮ ಸರದಿಗೆ ಕೈ ಚಾಚಿ ಕೂತರು. ದೇವಿಂದ್ರಪ್ಪಗೌಡರ ಮಗಳು ಸುಭದ್ರಾ ಕಲ್ಲನ್ನು ಕೆನ್ನೆಗೆ ಒತ್ತಿಕೊಂಡು ಕೇಳಿದಳು: “ಮಾಸ್ತರ, ಆಗ ಸಮಗಾರ ಓಣಿ ಎಲ್ಲಿತ್ರಿ?”

“ಓಣಿ ಇರಲಿಲ್ಲವ್ವ. ಎಲ್ಲಾರೂ ಒಂದೇ ಗುಡ್ಡದಾಗ.”

“ಗೌಡ್ರು?”

“ಗೌಡ್ರು ಇನ್ನಾ ಹುಟ್ಟಿರಲಿಲ್ಲ.”

ನಿಂಬೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಂದು ದಿನದ ಮಟ್ಟಿಗೆ ಕಲ್ಲು ಶಾಲೆಯಲ್ಲಿರಲಿ ಎಂದು ಮಾಸ್ತರರು ಕೇಳಿಕೊಂಡಾಗ ಮಾತ್ರ ನಗು ನಿಂತಿತು. “ನಾಳಿ ಖರೇನ ಕೊಡ್ರಿ ಮತ್ತ. ಅದಿಲ್ಲಂದ್ರ ನನ್ನ ಕೈ ಅರ್ಧ.” ಮಾಸ್ತರರು ಮಾತು ಕೊಟ್ಟರು.

ಮರುದಿನ ಮುಂಜಾನೆ ಶಾಲೆಯ ಬಾಗಿಲಲ್ಲಿ ಗೌಡರು ನಿಂತಿದ್ದರು, ಹಿಂದೆ ಹತ್ತು ಜನ. “ತೊಗಲು ಬಡಿಯೋ ಕಲ್ಲು ನಮ್ಮ ಮಕ್ಕಳ ಕೈಯಾಗ ಕೊಟ್ಟೀರಂತಲ್ಲ ಮಾಸ್ತರ? ಹದಿನೇಳು ಮನಿ ಮೈಲಿಗಿ ಆಗ್ಯಾವ. ಇವತ್ತಿಗಿ ನಿಮ್ಮ ಸಾಲಿ ಬಂದ್!”

ಮೇಜಿನ ಮೇಲಿದ್ದ ಕಲ್ಲನ್ನು ಮಾಸ್ತರರು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಶಾಲೆ ಉಳಿಯಬೇಕಿತ್ತು. “ತೊಗಲಿನ ಕಲ್ಲು ಅನಬ್ಯಾಡ್ರಿ ಗೌಡ್ರ. ಇದು ನಿಮ್ಮ ವಾಡೇಕಿಂತ ಹಳೇದು, ನಿಮ್ಮ ಗುಡಿಗಿಂತ, ನಮ್ಮ ಮಸೂತಿಗಿಂತ ಹಳೇದು.”

“ಗುಡಿಗಿಂತ?”

“ಕಬ್ಬಿಣಕ್ಕಿಂತ ಹಳೇದ್ರಿ.”

ಗೌಡರು ಹಿಂದಿನ ಹತ್ತು ಮುಖ ನೋಡಿದರು. ಆ ಹದಿನೇಳು ಮನೆಯಲ್ಲಿ ಅವರದೂ ಒಂದು. ಕಲ್ಲನ್ನು ಕೆನ್ನೆಗೆ ಒತ್ತಿಕೊಂಡವಳು ಅವರ ಮಗಳೇ. ಮೆಲ್ಲಗೆ ಕಾಲಿನ ಜೋಡು ಕಳಚಿದರು, ಕೈ ಮುಗಿದರು. “ಹಂಗಾದ್ರ ನಮ್ಮ ಮಕ್ಕಳು ಮುಟ್ಟಿದ್ದು ಆಕಿ ಕಲ್ಲಲ್ಲ. ದೇವರನ್ನ.”

“ಅಲ್ರಿ ಗೌಡ್ರ, ಇದು ನಿಂಬೆವ್ವಂದು. ವಾಪಸ್ ಕೊಡ್ತೇನಿ ಅಂದೇನಿ.”

“ದೇವರಿಗಿ ಮಾಲಕರು ಇರ್ತಾರೇನ್ರಿ ಮಾಸ್ತರ?”

ಐದು ಕೊಡ ನೀರಿನಲ್ಲಿ ತೊಳೆದು, ಬಾಜಾಬಜಂತ್ರಿಯೊಂದಿಗೆ ಕಲ್ಲನ್ನು ಊರ ಕಟ್ಟೆಗೆ ಒಯ್ದರು. ಕಟ್ಟೆ ಹತ್ತುವ ಹಕ್ಕಿಲ್ಲದ ಇಬ್ಬರು ಅಷ್ಟು ದೂರದಲ್ಲಿ ನಿಂತು ನೋಡಿದರು. ಮಾಸ್ತರರು ಕತ್ತು ಎತ್ತಲಿಲ್ಲ. ನಿಂಬೆವ್ವನ ಕಂಕುಳಲ್ಲಿ ಅರ್ಧ ಬಡಿದ ತೊಗಲಿತ್ತು.

ಕಲ್ಲು ನಿಲ್ಲಲೊಲ್ಲದು. ಪೂಜಾರಿ ನಿಲ್ಲಿಸುತ್ತಾನೆ, ಅದು ವಾಲುತ್ತದೆ. “ಅದು ನಿಂದ್ರೂ ಕಲ್ಲಲ್ರಿ ಸಾಹೇಬ್ರ” ಎಂದಳು ನಿಂಬೆವ್ವ, “ಕೈಯಾಗ ಹಿಡಿಯೂದು. ಹೇಳ್ರಿ ಅವರಿಗಿ.”

“ನನ್ನ ತಪ್ಪಾತವ್ವ.”

“ತಪ್ಪು ಇರಲಿ. ನಾಳಿ ಗೌಡ್ರ ಜೋಡು ಕೊಡೂದದ. ಯಾತರಲೆ ಬಡೀಲಿ?”

ಕಡೆಗೆ ಹಸಿಮಣ್ಣಿನ ಮುದ್ದೆಯಲ್ಲಿ ಕಲ್ಲನ್ನು ನೆಟ್ಟಗೆ ಹುಗಿದರು. ಪೂಜಾರಿ ಕುಂಕುಮ ಹಿಡಿದು ದೇವರ ಹಣೆ ಎಲ್ಲಿ ಎಂದು ನುಣುಪಾದ ಕಲ್ಲಿನ ಮೇಲೆ ತಡಕಾಡಿದ. ಬೆರಳಿಗೆ ಕುಳಿ ಸಿಕ್ಕಿತು. ನಿಂಬೆವ್ವನ, ಅವಳ ಅತ್ತೆಯ, ಅತ್ತೆಯ ಅತ್ತೆಯ ಹೆಬ್ಬೆಟ್ಟು ಸವೆಸಿದ ಆ ಕುಳಿಯ ತುಂಬ ಕುಂಕುಮ ಒತ್ತಿದ. ಊರಿಗೆ ಊರೇ ಅದಕ್ಕೆ ಅಡ್ಡಬಿತ್ತು.