ಹರಿತ ಬರಬಾರದ ಕತ್ತಿ

ಇವನ ಕೈಗೆ ಹರಿತವಾದ ಕತ್ತಿ ಕೊಡಬಾರದು ಎಂದು ಕ್ಷೌರಿಕ ಮೊದಲ ದಿನವೇ ತೀರ್ಮಾನಿಸಿದ.

ಬಂದವನು ನಡುವಯಸ್ಸಿನವನು, ಗಡ್ಡ ಬಿಟ್ಟಿದ್ದ. "ಹಳೇ ಕಾಲದ ಕ್ಷೌರದ ಕತ್ತಿ ಮಸೆಯೋದು ಕಲಿಸ್ತೀರಾ?" ಎಂದ. ಯಾಕೆಂದು ಕೇಳಿದರೆ, "ಮನೇಲಿ ಹೊತ್ತೇ ಹೋಗಲ್ಲ, ನಿದ್ದೆನೂ ಬರಲ್ಲ" ಎಂದ. ದನಿಯಲ್ಲಿ ಅಳುವೂ ಇಲ್ಲ, ಸಿಟ್ಟೂ ಇಲ್ಲ. ಅಂಥ ದನಿ ಕ್ಷೌರಿಕನಿಗೆ ಚೆನ್ನಾಗಿ ಪರಿಚಯ.

ಬೈದು ಅಟ್ಟಬಹುದಿತ್ತು. ಅಟ್ಟಿದರೆ ಇನ್ಯಾರೋ ಕಲಿಸುತ್ತಾರೆ, ಅದೂ ಸರಿಯಾಗಿ. ಅದಕ್ಕೇ ತಾನೇ ಕಲಿಸಲು ಒಪ್ಪಿದ, ಎಂದಿಗೂ ಬಾರದ ಹಾಗೆ.

ಗಿರಾಕಿಗಳು ಬರುವುದು ನಿಂತು ಬಹಳ ಕಾಲವಾಗಿತ್ತು. ಬಾಗಿಲು ತೆಗೆದರೆ ತಾನೇ ಬರುವುದು? ಈಗ ಈ ಹೊಸಬನಿಗಾಗಿ ಬೆಳಿಗ್ಗೆ ಎದ್ದು, ಮುಖ ತೊಳೆದು, ಷಟರ್ ಎತ್ತಬೇಕಾಯಿತು.

ಹೊಸಬ ಶುದ್ಧ ಮೊದ್ದು. ಕಲ್ಲಿನ ಮೇಲೆ ಅಲಗು ಮುಂದಾಗಿ ಹೋಗಬೇಕು, ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಅವನು ಎರಡನ್ನೂ ತಿರುಗಾಮುರುಗಾ ಮಾಡಿ ಪಟ್ಟಿಯನ್ನೇ ಸೀಳಿಟ್ಟ. ಮಡಚುವಾಗ ಮಾತ್ರ ಕೈ ತಪ್ಪುತ್ತಿರಲಿಲ್ಲ. ಕಣ್ಣು ಬೀದಿಯ ಕಡೆಗಿದ್ದರೂ ಅಲಗು ಹಿಡಿಯೊಳಗೆ ಟಕ್ಕನೆ ಕೂರುತ್ತಿತ್ತು.

"ನಿನ್ನದು ಕತ್ತಿ ಹಿಡಿಯೋ ಕೈಯೇನಪ್ಪಾ? ಹೋಗಿ ಸೌಟು ಹಿಡಿ."

"ಕಲೀತೀನಿ ಯಜಮಾನ್ರೇ. ಇದನ್ನ ಮನೆಗೆ ತಗೊಂಡು ಹೋಗ್ಲಾ? ಅಭ್ಯಾಸ ಮಾಡ್ತೀನಿ."

ಬೇಡವೆಂದರೆ ಬೇರೆ ಕಡೆ ಕೊಳ್ಳುತ್ತಾನೆ. ಕ್ಷೌರಿಕ ಒಳಗೆ ಹೋಗಿ, ಗಾಜಿನ ಲೋಟದ ಅಂಚಿಗೆ ಅಲಗನ್ನು ಉಜ್ಜಿ ಉಜ್ಜಿ, ಬೆಣ್ಣೆಯನ್ನೂ ಕೊಯ್ಯದಂತೆ ಮಾಡಿ ಕೊಟ್ಟ. ಮಗಳ ಕರೆ ಬಂದು ಫೋನ್ ಹೊಡೆದುಕೊಳ್ಳುತ್ತಿತ್ತು. ಎಂದಿನಂತೆ ಎತ್ತಲಿಲ್ಲ.

ಬೆಳಿಗ್ಗೆ ಷಟರ್ ಎತ್ತಿದಾಗ ಹೊಸಬ ಎದುರಿಗೇ ನಿಂತಿದ್ದ. ಸದ್ಯ, ಬದುಕಿದ್ದಾನೆ. ಎಷ್ಟೋ ದಿನಗಳ ಮೇಲೆ ಕ್ಷೌರಿಕನಿಗೆ ಏನೋ ಒಂದಿಷ್ಟು ಹಾಯೆನಿಸಿತು.

ಒಯ್ದ ಕತ್ತಿ ಮಾತ್ರ ಹಿಂದಿರುಗಲಿಲ್ಲ. "ಮರೆತು ಬಂದೆ, ಬೇರೆ ಕೊಡಿ" ಎನ್ನುತ್ತಿದ್ದ. ಹೀಗೇ ಒಂದೊಂದಾಗಿ ಹೋಗಿ ಮೇಜಿನ ಖಾನೆಯಲ್ಲಿ ಕೊನೆಗೆ ಒಂದೇ ಉಳಿಯಿತು.

"ಅದನ್ನೂ ಕೊಡಿ."

"ಅದು ಬೇಡ. ಅದು ನನಗೆ ಬೇಕು."

"ಯಾತಕ್ಕೆ? ಗಿರಾಕಿಗಳೇ ಇಲ್ವಲ್ಲ."

ಕ್ಷೌರಿಕ ಕನ್ನಡಿಯ ಕಡೆ ನೋಡಿದ. ಹೊಸಬ ಕೈ ಚಾಚಿಕೊಂಡೇ ನಿಂತಿದ್ದ. ಇವನು ನಾಳೆಯೂ ಬರಬೇಕಲ್ಲ ಎಂದುಕೊಂಡು ಕೊಟ್ಟುಬಿಟ್ಟ, ಗಾಜಿಗೆ ಉಜ್ಜಿಯೇ.

ಹೊಸಬ ಕತ್ತಿಯನ್ನು ಜೇಬಿಗಿಳಿಸಿ, ಎರಡು ಬೀದಿ ದಾಟಿ, ಕ್ಷೌರಿಕನ ಮಗಳ ಮನೆಯ ಬಾಗಿಲು ತಟ್ಟಿದ. ಕಪಾಟಿನಲ್ಲಿದ್ದ ಉಳಿದ ಕತ್ತಿಗಳ ಪಕ್ಕದಲ್ಲೇ ಇದನ್ನೂ ಇಟ್ಟ.

"ಇದೇ ಕೊನೇದು, ತಂಗಿ. ಇನ್ನು ನಿಮ್ಮಪ್ಪನ ಕೈಗೆ ಒಂದೂ ಸಿಗಲ್ಲ."

"ಅಮ್ಮ ಹೋದಾಗಿಂದ ಅಪ್ಪಂಗೆ ಬದುಕೇ ಬೇಡವಾಗಿದೆ. ನಾಳೆ ಎದ್ದು ಬಾಗಿಲು ತೆಗೀತಾರಾ, ಅಣ್ಣಾ?"

ಊರಾಚೆಯ ತನ್ನ ಸ್ವಂತ ಕ್ಷೌರದಂಗಡಿಯಲ್ಲಿ ಅರ್ಧ ಆಯುಷ್ಯ ಕತ್ತಿ ಮಸೆದಿದ್ದ ಅವನು ಹೇಳಿದ: "ತೆಗೀತಾರೆ. ನನಗಿನ್ನೂ ಮಸೆಯೋಕೆ ಬರಲ್ವಲ್ಲ."