ಎದುರುಮನೆಯ ಒಂಟಿ ಓತಿಕ್ಯಾತ

ಗಾಳಿ ಕೆಟ್ಟ ದಿನ ಓತಿಕ್ಯಾತದ ಗಂಟಲು ಕೆಂಪಾಗುತ್ತದೆ. ಅದಕ್ಕೇ ಊರಿನ ಪ್ರತಿ ಮನೆಯ ಬಾಗಿಲಲ್ಲೂ ಕುಂಡದ ಗಿಡದ ಮೇಲೆ ಒಂದು ಗಂಡು ಓತಿ. ಅದು ಕೆಂಪಗಿದ್ದರೆ ಮಾಸ್ಕ್ ಇಲ್ಲದೆ ಯಾರೂ ಹೊಸ್ತಿಲು ದಾಟುವುದಿಲ್ಲ.

ಆ ಓತಿಗಳನ್ನೆಲ್ಲ ಮರಿ ಮಾಡಿಸಿ ಕೊಡುವವಳು ದೇವೀರಮ್ಮ. ಆದರೆ ಗಂಡು ಓತಿ ಹೆಣ್ಣನ್ನು ಕಂಡರೂ ಕೆಂಪಾಗುತ್ತದೆ. ಹೆಣ್ಣು ಓತಿಗಳೇ ತುಂಬಿದ ಅವಳ ಮನೆಯಲ್ಲಿ ಯಾವ ಕೆಂಪು ಯಾತಕ್ಕೆಂದು ತಿಳಿಯುವುದಿಲ್ಲ. "ಅದಕ್ಕೆ ಹೆಣ್ಣಿನ ಮೋಹ, ಅಷ್ಟೇಯ" ಎಂದು ನಕ್ಕು, ಮಾಸ್ಕ್ ಹಾಕದೆ ಹೊರಟ ಗಂಡ ಬೀದಿಯ ತಿರುವನ್ನೂ ದಾಟದೆ ಉಸಿರು ಕಟ್ಟಿ ಸತ್ತ. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಎದುರುಮನೆ ಮಂಗಳಳ ಓತಿಯನ್ನು ಕಿಟಕಿಯಿಂದ ನೋಡಿಯೇ ಬಾಗಿಲು ತೆಗೆಯುತ್ತಾಳೆ. ಆ ಕಿಟಕಿಗೆ ಕಾಣುವುದು ಅದೊಂದೇ.

ಇವತ್ತು ಅದು ಕಂದು ಬಣ್ಣದಲ್ಲಿ ತೆಪ್ಪಗೆ ಕೂತಿತ್ತು. ದೇವೀರಮ್ಮ ಹೊರಗೆ ಬಂದು ಓತಿಮೊಟ್ಟೆ ಹುಗಿದ ಕುಂಡಗಳಿಗೆ ನೀರು ಚಿಮುಕಿಸುತ್ತಿದ್ದಾಗ ಮಂಗಳ ಬಂದಳು.

"ಅಕ್ಕಾ, ನಮ್ಮನೇದಕ್ಕೂ ಒಂದು ಹೆಣ್ಣು ಕೊಡಕ್ಕ. ಮೂರು ವರ್ಷದಿಂದ ಅದೇ ಕೊಂಬೇಲಿ ಒಂಟಿಯಾಗಿ ಕೂತದೆ. ನೋಡಕ್ಕಾಗಲ್ಲ."

ದೇವೀರಮ್ಮನ ಕೈ ನಿಂತಿತು. ಅದರ ಒಂಟಿತನ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಕೊಡಬೌದು ಕಣವ್ವ," ಎಂದಳು. "ಆಮೇಲೆ ಅದು ಕೆಂಪಾದ ದಿನ ನೀನು ನಮ್ಮನೆ ಕಡೆ ನೋಡ್ತೀಯ, ನಾನು ನಿಮ್ಮನೆ ಕಡೆ ನೋಡ್ತೀನಿ."